ಚಿತ್ರಕಾರನ ಲೇಖನಿ

ಕನ್ನಡ ನುಡಿಯಲ್ಲಿ ಅಕ್ಷರವನ್ನು ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಎರಡು ಕೆಲಸಗಳಿಗೂ ಒಂದೇ ಧಾತು ಸಾಕಾಗಿದೆ. ಸಂಸ್ಕೃತದಲ್ಲಿಯೂ ಇದೇ ಬಗೆ. ‘ಲಿಖ್’ ಎಂಬ ಧಾತುವಿನಿಂದ ಲೇಖವು ಹುಟ್ಟಿದಂತೆಯೇ ಚಿತ್ರವೆಂಬ ಅರ್ಥದ ‘ಆಲೇಖ್ಯ’ವೂ ಹುಟ್ಟಿತು. ಇಂದು ಗ್ರಂಥಕಾರನ ಕೈಯಲ್ಲಿರುವ ‘ಲೇಖನಿ’ ಎಂಬ ಹೆಸರು ಪ್ರಾಚೀನ ಶಾಸ್ತ್ರದಲ್ಲಿ ಚಿತ್ರಕಾರನ ಕುಂಚಕ್ಕೂ ಸಲ್ಲುತ್ತಿತ್ತು. ಭಾಷೆಯು ಹೀಗೆ ಒಂದುಗೂಡಿಸಿದ ಈ ಎರಡು ಕೆಲಸಗಳು ನಾಡಿನ ಚರಿತ್ರೆಯಲ್ಲಿ ಮಾತ್ರ ಬಹುಕಾಲ ಒಂದೇ ಕೈಯಲ್ಲಿ ಉಳಿದು ಬರಲಿಲ್ಲ. ಚಿತ್ರ ಬರೆದವನು ಗ್ರಂಥ ಬರೆಯಲಿಲ್ಲ. ಗ್ರಂಥ ಬರೆದವನು ಗೋಡೆಯ ಮುಂದೆ ಕುಂಚ ಹಿಡಿದು ನಿಲ್ಲಲಿಲ್ಲ.

ಈಗಿನ ಕಾಲದಲ್ಲಿ ಕರ್ನಾಟಕದಲ್ಲಿ ಚಿತ್ರವನ್ನು ರಚಿಸುವ, ಶಿಷ್ಯರಿಗೆ ಪಾಠ ಹೇಳುವ, ಕಲೆಯ ಗುಣದೋಷಗಳನ್ನು ಕನ್ನಡದಲ್ಲಿಯೇ ವಿವೇಚಿಸಿ ಬರೆಯುವ ಕಲಾವಿದರು ಕಾಣಬರುತ್ತಾರೆ. ಬೆಂಗಳೂರಿನ ಶ್ರೀ ರವಿಕುಮಾರ ಕಾಶಿಯವರು ಅಂಥವರಲ್ಲಿ ಒಬ್ಬರು. ಒಬ್ಬ ಮನುಷ್ಯನು ಮೂರು ಉದ್ಯೋಗಗಳನ್ನು ಮಾಡುವದರಲ್ಲಿ ಏನು ವಿಶೇಷವೆಂದು ಮೇಲುನೋಟಕ್ಕೆ ಅನಿಸಬಹುದು. ಆದರೆ ಈ ನಾಡಿನಲ್ಲಿ ಚಿತ್ರವಿದ್ಯೆಯು ನಡೆದು ಬಂದ ದಾರಿಯನ್ನು ನೋಡಿದಾಗ, ಇದು ಬಹು ತಡವಾಗಿ ಕೈಗೂಡಿದ ಸಂಗತಿಯೆಂದು ತಿಳಿದುಬರುವದು. ಆ ದಾರಿಯನ್ನು ಬಾದಾಮಿಯಿಂದ ಮೊದಲುಮಾಡಿ ನೋಡುವದು ಉಚಿತ.

ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಲೇಶನು ಶಕವರ್ಷ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ, ವಿಷ್ಣುವಿಗೆ ಸಮರ್ಪಿಸಿದನು. ಅದರ ಮೇಲ್ಛಾವಣಿಯ ಕಪೋತದ ಒಳಮೈಯಲ್ಲಿ ಅಂದಿನ ವರ್ಣಚಿತ್ರಗಳ ಅವಶೇಷಗಳು ಉಳಿದಿವೆ. ಸ್ಟೆಲ್ಲಾ ಕ್ರಾಮ್ರಿಶ್ ಎಂಬ ವಿದುಷಿಯು 1936ರಲ್ಲಿ ಈ ಚಿತ್ರಗಳನ್ನು ಕುರಿತು ಲೇಖನ ಪ್ರಕಟಿಸಿದ ಮೇಲೆ ಅವುಗಳ ಹೆಸರು ವಿದ್ವಜ್ಜಗತ್ತಿನಲ್ಲಿ ಹರಡಿತು. ಅದೇ ಗುಹೆಯಲ್ಲಿ ಮಂಗಲೇಶನ ಕನ್ನಡ ಶಾಸನವೂ ಇದೆ. ಕಲ್ಮನೆಗೆ ಕೊಟ್ಟ ದಾನವನ್ನು ಹೇಳುವಾಗ ದೇವರಿಗೆ ಹೂ ಕಟ್ಟುವ ಮಾಲೆಗಾರರನ್ನು ಅದು ಮರೆತಿಲ್ಲ. ಹೂವು ಸಂಜೆಗೆ ಬಾಡುವದು. ಆದರೂ ಅದನ್ನು ಕಟ್ಟಿದವರ ಪ್ರಸ್ತಾಪವು ಕಲ್ಲಿನಲ್ಲಿ ಸ್ಥಿರವಾಯಿತು. ಹದಿನಾಲ್ಕು ಶತಮಾನಗಳಿಗೂ ಮಿಕ್ಕಿ ಬಾಳಿದ ಬಣ್ಣವನ್ನು ಹಚ್ಚಿದವನ ಮಾತು ಆ ಶಾಸನದಲ್ಲಿ ಇಲ್ಲ.

ಶಿಲ್ಪಿಗಳ ಭಾಗ್ಯವು ಇದಕ್ಕಿಂತ ಮೇಲಾಗಿತ್ತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ್ದು. ಅಲ್ಲಿಯ ಶಾಸನಗಳು ಅನಿವಾರಿತಾಚಾರಿ ಎಂಬ ಬಿರುದಿನ ಗುಂಡನನ್ನೂ ಸರ್ವಸಿದ್ಧಿ ಆಚಾರಿಯನ್ನೂ ಮನಸಾರೆ ಹೊಗಳುತ್ತವೆ. ಮುಂದೆ ಹೊಯ್ಸಳರ ಕಾಲದಲ್ಲಿ ಬಳ್ಳಿಗಾವೆಯ ದಾಸೋಜನೂ ರೂವಾರಿ ಮಲ್ಲಿತಮ್ಮನೂ ತಾವು ಕಡೆದ ಮೂರ್ತಿಗಳ ಅಡಿಯಲ್ಲಿ ತಮ್ಮ ಹೆಸರನ್ನು ಕೊರೆದರು. ಕಲ್ಲಿಗೆ ಉಳಿ ಹಚ್ಚುವವನಿಗೆ ಹೆಸರು ಕೊರೆಯುವ ಸಾಧನವು ಕೈಯಲ್ಲಿಯೇ ಇರುತ್ತದೆ. ಬಣ್ಣದವನ ಸಹಿಯು ಬಣ್ಣದ ಕೂಡ ಅಳಿದುಹೋಗುವದು. ಆದುದರಿಂದ ಚಿತ್ರಕಾರನ ವಿದ್ಯೆಯು ಉಳಿಯಬೇಕಾದರೆ ಗ್ರಂಥವು ಬೇಕು. ಅಂಥದೊಂದು ಗ್ರಂಥವು ಕನ್ನಡ ನಾಡಿನಲ್ಲಿಯೇ, ಚಾಲುಕ್ಯರ ಆಸ್ಥಾನದಲ್ಲಿಯೇ ಹುಟ್ಟಿತೆಂಬುದು ಅಭಿಮಾನದ ಸಂಗತಿ.

ಧಾರವಾಡದ ಕಡೆಯ ಕರಿಯ ಎರೆಯ ಸೀಮೆಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳ್ವೊಲ ಮುನ್ನೂರು ಎಂಬ ನಾಡಾಗಿತ್ತು. ಅಣ್ಣಿಗೇರಿಯು ಅದರ ಮುಖ್ಯ ಪಟ್ಟಣ. ಅಲ್ಲಿಯ ಅಮೃತೇಶ್ವರ ದೇವಾಲಯವು ಕ್ರಿ. ಶ. 1050ರ ಸುಮಾರಿನದು. ಚಾಲುಕ್ಯ ಸಾಮ್ರಾಜ್ಯವು ಕುಗ್ಗಿದಾಗ ಅದರ ಕಡೆಯ ಅರಸನಾದ ನಾಲ್ವಡಿ ಸೋಮೇಶ್ವರನು ಈ ಅಣ್ಣಿಗೇರಿಯಿಂದಲೇ ಕೆಲವು ವರ್ಷ ರಾಜ್ಯವಾಳಿದನು. ಅದೇ ವಂಶದ ಮುಮ್ಮಡಿ ಸೋಮೇಶ್ವರನು ಆರನೆಯ ವಿಕ್ರಮಾದಿತ್ಯನ ಮಗ. ಅವನು 1126ರಿಂದ 1138ರ ವರೆಗೆ ಆಳಿದನು. ಭೂಲೋಕಮಲ್ಲ, ಸರ್ವಜ್ಞಚಕ್ರವರ್ತಿ ಎಂಬವು ಅವನ ಬಿರುದುಗಳು. ಅವನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಇನ್ನೊಂದು ಹೆಸರೂ ಉಂಟು. ಕ್ರಿ. ಶ. 1129ರ ಸುಮಾರಿಗೆ ರಚಿತವಾದ ಈ ಗ್ರಂಥದಲ್ಲಿ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು ಇವೆ. ರಾಜನೀತಿ, ಆನೆ ಕುದುರೆ, ಅಡಿಗೆ, ಸಂಗೀತ, ಕ್ರೀಡೆ ಮೊದಲಾಗಿ ಅರಸನು ಅರಿತಿರಬೇಕಾದ ಯಾವತ್ತೂ ವಿಷಯಗಳು ಅದರಲ್ಲಿ ಅಡಕವಾಗಿವೆ. ಆಧುನಿಕ ಕಾಲದಲ್ಲಿ ಬಡೋದೆಯ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರು 1925ರಿಂದ ಇದನ್ನು ಸಂಪುಟಗಳಾಗಿ ಹೊರತಂದರು, ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು 1926ರಲ್ಲಿ ಇದರ ಮೊದಲ ಭಾಗವನ್ನು ಪ್ರಕಟಿಸಿದರು.

ಗ್ರಂಥದ ಮೂರನೆಯ ವಿಂಶತಿಯ ಮೊದಲ ಅಧ್ಯಾಯದಲ್ಲಿ ಅರಮನೆಯ ಗೋಡೆಗಳನ್ನು ಅಲಂಕರಿಸುವ ಸಂದರ್ಭದಲ್ಲಿ ಚಿತ್ರವಿದ್ಯೆಯ ವಿಷಯವು ಬಂದಿದೆ. ವಾಚಕರು ಅದರ ಕ್ರಮವನ್ನು ಗಮನಿಸಬೇಕು. ಅಲ್ಲಿ ಮಾತು ಮೊದಲಾಗುವದು ಸೌಂದರ್ಯದ ವರ್ಣನೆಯಿಂದಲ್ಲ, ಗೋಡೆಯನ್ನು ಹದಗೊಳಿಸುವದರಿಂದ. ಸುಣ್ಣದ ಗಾರೆಯಿಂದ ನುಣ್ಣಗೆ ಮಾಡಿದ ಗೋಡೆಗೆ ವಜ್ರಲೇಪವು ಬೇಕು. ಹಸಿಯ ಎಮ್ಮೆಯ ತೊಗಲನ್ನು ನೀರಿನಲ್ಲಿ ಹಾಕಿ ಅದು ಬೆಣ್ಣೆಯಂತಾಗುವ ವರೆಗೆ ಕುದಿಸುವದು; ಆ ಪಾಕವನ್ನು ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಿಡುವದು; ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ಬಿಸಿನೀರಿನಿಂದ ಕರಗಿಸುವದು; ಅದಕ್ಕೆ ಬಿಳಿಯ ಮಣ್ಣನ್ನು ಬೆರೆಸಿ ಗೋಡೆಗೆ ಮೂರು ಸಲ ಬಳಿಯುವದು; ಅದರ ಮೇಲೆ ಶಂಖದ ಚೂರ್ಣದ ಲೇಪವನ್ನು ಕೊಡುವದು. ಇಷ್ಟಾದ ಮೇಲೆಯೇ ಕುಂಚದ ಮಾತು.

ರೇಖೆಯನ್ನು ಮೊದಲು ಗುರುತಿಸಲು ‘ವರ್ತಿಕೆ’ ಎಂಬ ಸಾಧನವನ್ನು ಹೇಳಿದೆ. ಅದು ದೀಪದ ಕಾಡಿಗೆಯನ್ನು ಬೇಯಿಸಿದ ಅನ್ನದ ಕೂಡ ಅರೆದು ಹೊಸೆದ ಬತ್ತಿ. ‘ಲೇಖನಿ’ ಎಂದರೆ ಕುಂಚ; ಕರುವಿನ ಕಿವಿಯ ಎಳೆಯ ಕೂದಲನ್ನು ಅರಗಿನಿಂದ ಅಂಟಿಸಿ ಮಾಡಿದ್ದು. ದಪ್ಪ, ನಡುತರ, ಸೂಕ್ಷ್ಮವೆಂದು ಅದರಲ್ಲಿ ಮೂರು ಬಗೆ. ಬಣ್ಣಗಳು ಶಂಖದ ಬಿಳುಪು, ಇಂಗಲೀಕದ ಮತ್ತು ಅರಗಿನ ಕೆಂಪು, ಕಾವಿ, ಹರಿದಾಳದ ಹಳದಿ, ಕಾಡಿಗೆಯ ಕಪ್ಪು ಮೊದಲಾದವು. ಇವುಗಳ ಬೆರಕೆಯಿಂದ ಬೇರೆ ಬೇರೆ ಛಾಯೆಗಳು. ಉಬ್ಬಿದ ಭಾಗಕ್ಕೆ ಬೆಳಗಿದ ಬಣ್ಣ, ತಗ್ಗಿದ ಭಾಗಕ್ಕೆ ಕಂದಿದ ಬಣ್ಣ. ಬಂಗಾರವನ್ನು ಅರೆದು ಹಚ್ಚಿ, ಕಾಡುಹಂದಿಯ ಕೋರೆಯಿಂದ ಮೆಲ್ಲನೆ ತಿಕ್ಕಿ ಅದಕ್ಕೆ ಮಿಂಚು ಬರಿಸಬೇಕು. ದೇಹದ ನಿಲುವಿಗೆ ಬ್ರಹ್ಮಸೂತ್ರ, ಪಕ್ಷಸೂತ್ರಗಳೆಂಬ ಲಂಬರೇಖೆಗಳ ಅಳತೆಯುಂಟು. ಎದುರು ಮುಖದ ಋಜುವಿನಿಂದ ಹಿಡಿದು ಭಿತ್ತಿಕದ ವರೆಗೆ ಐದು ಸ್ಥಾನಗಳುಂಟು.

ಇದು ಪಾಠದ ಭಾಗವಾಯಿತು. ವಿವೇಚನೆಯ ಭಾಗವೂ ಅಲ್ಲಿಯೇ ಇದೆ. ಚಿತ್ರಗಳನ್ನು ಗ್ರಂಥಕಾರನು ಐದಾಗಿ ವಿಂಗಡಿಸುತ್ತಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂತೆ ಹೋಲಿಕೆಯುಳ್ಳದ್ದು ವಿದ್ಧ. ಹೋಲಿಕೆಯ ಹಂಗಿಲ್ಲದೆ ಮನಸ್ಸಿನ ಕಲ್ಪನೆಯಿಂದ ಒಡನೆ ಮೂಡಿದ್ದು ಅವಿದ್ಧ. ನೋಡಿದ ಮಾತ್ರಕ್ಕೆ ಶೃಂಗಾರಾದಿ ರಸಗಳನ್ನು ತಿಳಿಯಪಡಿಸುವದು ಭಾವಚಿತ್ರ. ದ್ರವವರ್ಣದಿಂದಾದುದು ರಸಚಿತ್ರ, ಒಣಗಿದ ಪುಡಿಯಿಂದಾದುದು ಧೂಲಿಚಿತ್ರ. ಹೋಲಿಕೆ ಬೇರೆ, ಕಲ್ಪನೆ ಬೇರೆ, ಭಾವ ಬೇರೆ, ದ್ರವ್ಯ ಬೇರೆ ಎಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ. ಹಳ್ಳಿಯ ಅಂಗಳದಲ್ಲಿ ಬೆಳಗಿನ ಜಾವಕ್ಕೆ ಹೆಣ್ಣುಮಕ್ಕಳು ಇಡುವ ರಂಗವಲ್ಲಿಯನ್ನು ಆಸ್ಥಾನದ ಶಾಸ್ತ್ರವು ಚಿತ್ರವಲ್ಲವೆಂದು ಹೊರಗೆ ನಿಲ್ಲಿಸಲಿಲ್ಲ. ಧೂಲಿಚಿತ್ರವೆಂಬ ಹೆಸರಿನಿಂದ ಅರಮನೆಯ ಚಿತ್ರದ ಸಾಲಿನಲ್ಲಿಯೇ ಕೂಡ್ರಿಸಿತು. ವಿಮರ್ಶೆಯ ಔದಾರ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸುಲಭವಾಗಿ ಸಿಕ್ಕದು.

ಚಿತ್ರಕಾರನು ಎಂಥವನಿರಬೇಕೆಂದು ಹೇಳುವಲ್ಲಿ ಇನ್ನೊಂದು ವಿಶೇಷವಿದೆ. ಅವನು ಪ್ರಗಲ್ಭನಿರಬೇಕು, ಸೂಕ್ಷ್ಮರೇಖೆಯಲ್ಲಿ ನಿಪುಣನಿರಬೇಕು, ಬಣ್ಣ ತುಂಬುವದರಲ್ಲಿ ಚತುರನಿರಬೇಕು. ಈ ಗುಣಗಳ ನಡುವೆಯೇ ‘ಭಾವಕ’ನಿರಬೇಕೆಂಬ ಮಾತು ಬಂದಿದೆ. ಅಲಂಕಾರಶಾಸ್ತ್ರವನ್ನು ಓದಿದವರಿಗೆ ಈ ಶಬ್ದದ ತೂಕವು ಗೊತ್ತು. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ಒಡೆದು, ರಚಿಸುವ ಶಕ್ತಿಗೆ ಕಾರಯಿತ್ರಿಯೆಂದೂ ರಚಿಸಿದ್ದನ್ನು ಅರಿತು ತೂಗುವ ಶಕ್ತಿಗೆ ಭಾವಯಿತ್ರಿಯೆಂದೂ ಹೆಸರಿಟ್ಟನು. ಎರಡನೆಯದುಳ್ಳವನೇ ಭಾವಕ; ಇಂದಿನ ಮಾತಿನಲ್ಲಿ ವಿಮರ್ಶಕ. ಅರಮನೆಯ ಗೋಡೆಗೆ ಬಣ್ಣ ಹಚ್ಚುವವನು ತಾನೇ ಭಾವಕನೂ ಆಗಿರತಕ್ಕದ್ದೆಂದು ಹನ್ನೆರಡನೆಯ ಶತಮಾನದ ಈ ಗ್ರಂಥವು ಅಪೇಕ್ಷಿಸಿತು. ಚಿತ್ರಕಾರನಿಗೆ ವಿಮರ್ಶೆಯು ಹೊರಗಿನಿಂದ ಅಂಟಿಕೊಂಡ ಉಪಕಸುಬಲ್ಲ; ಅವನ ಅರ್ಹತೆಯ ಭಾಗವೇ ಆಗಿತ್ತು.

ಹಾಗಾದರೆ ಸೋಮೇಶ್ವರನೇ ಚಿತ್ರ ಬರೆದು, ಕಲಿಸಿ, ವಿಮರ್ಶಿಸಿದ ಮೊದಲಿಗನೆ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಚಿತ್ರವನ್ನು ಬರೆಯಬೇಕೆಂದು ವಿಧಿಸುವ ಸ್ಥಳದಲ್ಲಿ ಗ್ರಂಥವು ಬಳಸಿದ ಕ್ರಿಯಾಪದವು ಪ್ರೇರಣಾರ್ಥಕವಾದುದು. ‘ಲೇಖಯೇತ್’ ಎಂದರೆ ಬರೆಯಿಸಬೇಕು ಎಂದರ್ಥ. ಬರೆಯುವವರು ಚಿತ್ರಕಾರರು, ಬರೆಯಿಸುವವನು ಅರಸು. ಇದು ಪಂಡಿತರು ಒಂದು ಪ್ರತ್ಯಯದ ಮೇಲೆ ಹೂಡಿದ ತರ್ಕವೆಂದು ತಳ್ಳಿಹಾಕತಕ್ಕದ್ದಲ್ಲ. ಎಮ್ಮೆಯ ತೊಗಲು ಬೆಣ್ಣೆಯ ಹದಕ್ಕೆ ಬರುವ ವರೆಗೆ ಒಲೆಯ ಮುಂದೆ ಕಾಯ್ದವರು ಯಾರು? ಎಷ್ಟೋ ಬಗೆಯ ರೋಮಗಳನ್ನು ಪರೀಕ್ಷಿಸಿ ಕರುವಿನ ಕಿವಿಯ ಕೂದಲೇ ಯೋಗ್ಯವೆಂದು ಕಂಡವರು ಯಾರು? ಮಣ್ಣಿನ ಪಾತ್ರೆಯೇ ಬೇಕು, ಮೂರು ಸಲವೇ ಬಳಿಯಬೇಕು ಎಂಬ ನಿಯಮಗಳು ತಲೆಮಾರುಗಳ ಕಾಲ ಕೈ ಸವೆಸಿಕೊಂಡವರ ಅನುಭವದಿಂದ ಹೊರಟವು. ಆ ಅನುಭವವನ್ನು ಯಾರೋ ಅರಸನಿಗೆ, ಇಲ್ಲವೆ ಅರಸನ ಪಂಡಿತರಿಗೆ, ಹೇಳಿಕೊಟ್ಟರು. ಹೇಳಿಕೊಟ್ಟವರ ಹೆಸರು ಗ್ರಂಥದಲ್ಲಿಲ್ಲ.

ಇದರಿಂದ ಸೋಮೇಶ್ವರನ ಉಪಕಾರವು ಕಡಿಮೆಯಾಗುವದಿಲ್ಲ. ಅವನು ಬರೆಯಿಸದಿದ್ದರೆ ಈ ವಿದ್ಯೆಯ ಒಂದಕ್ಷರವೂ ಉಳಿಯುತ್ತಿರಲಿಲ್ಲ. ಕಲ್ಯಾಣದ ಅರಮನೆಯ ಗೋಡೆಗಳು ಬಿದ್ದುಹೋದವು. ಗೋಡೆಗೆ ಬಳಿಯುವ ಲೇಪದ ಪಾಕವು ಮಾತ್ರ ಉಳಿಯಿತು. ಐದು ಶತಮಾನಗಳಿಗೂ ಮೀರಿ ಕಳೆದ ಮೇಲೆ, 1709ರಲ್ಲಿ ಕೆಳದಿಯ ಬಸವರಾಜನು ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿಯೂ ಚಿತ್ರವಿದ್ಯೆಗೆ ಸ್ಥಳ ದೊರೆಯಿತು. ಆ ಗ್ರಂಥಕರ್ತನೂ ಅರಸನೇ. ಒಟ್ಟಿನಲ್ಲಿ ಗ್ರಂಥವು ಅರಮನೆಯಲ್ಲಿ, ಸಂಸ್ಕೃತದಲ್ಲಿ ಉಳಿಯಿತು. ಕುಂಚವು ಕನ್ನಡ ಮಾತನಾಡುವ ಚಿತ್ರಗಾರರ ಮನೆಗಳಲ್ಲಿ ಉಳಿಯಿತು. ಇವೆರಡರ ನಡುವಿನ ಸಂಭಾಷಣೆಯು ನಿಂತುಹೋಯಿತು.

ಕುಂಚವು ಉಳಿದ ಮನೆಗಳನ್ನು ನೋಡಬೇಕಾದರೆ ಬಹಳ ದೂರ ಹೋಗಬೇಕಾಗಿಲ್ಲ. ಮಲೆನಾಡಿನ ಅಂಚಿನಲ್ಲಿರುವ ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ತೇಗದ ಕಟ್ಟಿಗೆಯ ಮೇಲೆ ಅರಗು ಬೆರೆಸಿದ ಬಣ್ಣಗಳಿಂದ ಚಿತ್ರಗಾರ ಮನೆತನದವರು ಕೃಷ್ಣನ ಬಾಲಲೀಲೆಯನ್ನೂ ರಾಮಾಯಣದ ಪ್ರಸಂಗಗಳನ್ನೂ ಬರೆಯುತ್ತಾರೆ. ಮಗಳ ಬಾಣಂತನಕ್ಕೆ ತವರಿನವರು ಕೊಟ್ಟ ತೊಟ್ಟಿಲಲ್ಲಿ ಅವಳ ಮಕ್ಕಳೂ ಮೊಮ್ಮಕ್ಕಳೂ ಆಡಿ ಬೆಳೆಯುತ್ತಾರೆ. ಹುಟ್ಟಿದ ಕೂಸು ತಾಯಿಯ ಮುಖದ ತರುವಾಯ ಮೊದಲು ನೋಡುವದು ಆ ಚಿತ್ರಗಳನ್ನೇ. ಸೋಮೇಶ್ವರನ ಗ್ರಂಥದಲ್ಲಿ ಕುಂಚದ ಕೂದಲನ್ನು ಹಿಡಿದ ಅರಗು, ಕೆಂಪು ಬಣ್ಣವಾಗಿ ಬಂದ ಅರಗು, ಇಲ್ಲಿ ಇನ್ನೂ ಚಿತ್ರಗಾರನ ಕೈಯಲ್ಲಿದೆ. ಈ ಎರಡಕ್ಕೂ ನೇರವಾದ ಸಂಬಂಧವನ್ನು ಸಾಧಿಸುವದು ಸಾಹಸವಾದೀತು; ಆದರೆ ದ್ರವ್ಯವನ್ನು ಅರಿತು, ಮೈಯನ್ನು ಹದಗೊಳಿಸಿ, ಅನಂತರ ಬಣ್ಣಕ್ಕೆ ಕೈಹಚ್ಚುವ ಶಿಸ್ತು ಎರಡೂ ಕಡೆಗೆ ಒಂದೇ.

ಅದೇ ಸೀಮೆಯ ಕುಂದಗೋಳದ ಕಡೆಗೆ ಒಮ್ಮೆ ತಿರುಗಿ ನೋಡಿದರೆ ಭೇದವು ಎದ್ದು ಕಾಣುವದು. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರು (1886–1952) ಅಬ್ದುಲ್ ಕರೀಂ ಖಾನರ ಶಿಷ್ಯರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರು. ಈ ಪರಂಪರೆಯನ್ನು ಇಲ್ಲಿಯ ಮಕ್ಕಳೂ ಬಾಯಿಪಾಠವಾಗಿ ಹೇಳುವರು. ಗಾಳಿಯಲ್ಲಿ ಲೀನವಾಗುವ ಸ್ವರಕ್ಕೆ ಗುರುಶಿಷ್ಯರ ವಂಶಾವಳಿಯು ಉಂಟು. ಕಟ್ಟಿಗೆಯ ಮೇಲೆ ತಲೆಮಾರುಗಟ್ಟಲೆ ನಿಲ್ಲುವ ಬಣ್ಣಕ್ಕೆ ಅದು ಇಲ್ಲ. ಗಾಯಕನ ಬಗ್ಗೆ ಜನರು ಮಾತನಾಡಿದರು, ವಾದಿಸಿದರು, ಬರೆದರು. ತೊಟ್ಟಿಲನ್ನು ಕೊಂಡರು, ಮೆಚ್ಚಿದರು, ಮನೆಗೆ ಒಯ್ದರು. ಬರೆದವನು ಯಾರೆಂದು ಕೇಳಲಿಲ್ಲ.

ಆಂಗ್ಲರ ಆಳಿಕೆಯಲ್ಲಿ ಚಿತ್ರವಿದ್ಯೆಯು ಶಾಲೆಯ ವಿಷಯವಾಯಿತು. ಮುಂಬಯಿಯಲ್ಲಿ 1857ರಲ್ಲಿ ಸರ್ ಜೆ. ಜೆ. ಕಲಾಶಾಲೆಯು ಸ್ಥಾಪಿತವಾಯಿತು. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿಯ ಶಾಲೆಗಳ ಹುಡುಗರು ಮುಂಬಯಿ ಸರಕಾರದ ಎಲಿಮೆಂಟರಿ, ಇಂಟರ್ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ಕೂಡ್ರತೊಡಗಿದರು. ಮುಂದೆ ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರೂ, ಹುಬ್ಬಳ್ಳಿಯಲ್ಲಿ ಎಂ. ವಿ. ಮಿಣಜಗಿಯವರೂ, ಗದಗಿನಲ್ಲಿ ಟಿ. ಪಿ. ಅಕ್ಕಿಯವರೂ ಚಿತ್ರಕಲಾ ಶಾಲೆಗಳನ್ನು ನಡೆಸಿ ಈ ಸೀಮೆಯ ಎಷ್ಟೋ ಬಡ ಹುಡುಗರ ಕೈಯಲ್ಲಿ ಕುಂಚವನ್ನು ಕೊಟ್ಟರು. ಬಾದಾಮಿಯ ಆರ್. ಎಂ. ಹಡಪದರು ಇಂಥ ವಾತಾವರಣದಿಂದ ಹೊರಟು ಬೆಂಗಳೂರಿಗೆ ಹೋಗಿ 1968ರಲ್ಲಿ ಕೆನ್ ಕಲಾಶಾಲೆಯನ್ನು ಸ್ಥಾಪಿಸಿದರು. 2003ರಲ್ಲಿ ತೀರಿಕೊಳ್ಳುವ ವರೆಗೂ ಆ ಶಾಲೆಯೇ ಅವರ ಬಾಳಿನ ಕೇಂದ್ರವಾಗಿತ್ತು. ಹೀಗೆ ಚಿತ್ರಕಾರನು ಗುರುವಾದನು. ಅವನ ಹೆಸರು ಶಾಲೆಯ ಹೆಸರಾಗಿ ನಿಂತಿತು. ಇದು ಹಿಂದೆ ಇಲ್ಲದ ಗೌರವ.

ಗುರುವಾದ ಚಿತ್ರಕಾರನ ಕೈಗೆ ಪತ್ರಿಕೆಯು ಬರುವದೊಂದು ಉಳಿದಿತ್ತು. ಮೈಸೂರು ಸೀಮೆಯಲ್ಲಿ ಅ. ನ. ಸುಬ್ಬರಾಯರು ಅದನ್ನು ಮಾಡಿದರು. 1919ರಲ್ಲಿ ಬೆಂಗಳೂರಿನಲ್ಲಿ ‘ಕಲಾಮಂದಿರ’ವೆಂಬ ಶಾಲೆಯನ್ನು ತೆರೆದ ಅವರು ‘ಕಲಾ’ ಎಂಬ ಪತ್ರಿಕೆಯನ್ನೂ ಹೊರಡಿಸಿದರು. ಚಿತ್ರವನ್ನು ಕುರಿತು ಕನ್ನಡದಲ್ಲಿ ಮಾತನಾಡಬೇಕಾದರೆ ಶಬ್ದಗಳನ್ನು ಸಹ ಹೊಸದಾಗಿ ಕೂಡಿಸಿಕೊಳ್ಳಬೇಕಾದ ಕಾಲವದು. ಕಾವ್ಯವನ್ನು ತೂಗಲು ಕನ್ನಡಿಗರಿಗೆ ‘ಕವಿರಾಜಮಾರ್ಗ’ದ ಕಾಲದಿಂದ ತಕ್ಕಡಿಯುಂಟು, ಚಿತ್ರವನ್ನು ತೂಗುವ ತಕ್ಕಡಿಯು ಸಂಸ್ಕೃತದಲ್ಲಿ ಮಲಗಿತ್ತು, ಇಲ್ಲವೆ ಇಂಗ್ಲಿಷಿನಿಂದ ಬರಬೇಕಾಗಿತ್ತು. ಪತ್ರಿಕೆಗಳಿಂದಲೂ, 1964ರಲ್ಲಿ ಹುಟ್ಟಿದ ಲಲಿತಕಲಾ ಅಕಾಡೆಮ್ಮಿಯ ಪ್ರಕಟನೆಗಳಿಂದಲೂ ಈ ಕೊರತೆಯು ಮೆಲ್ಲಮೆಲ್ಲಗೆ ತುಂಬತೊಡಗಿತು.

ಈ ದಾರಿಯ ಇತ್ತೀಚಿನ ಮಜಲಿನಲ್ಲಿ ನಿಲ್ಲುವವರು ರವಿಕುಮಾರ ಕಾಶಿಯವರು. 1968ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು ಅಲ್ಲಿಯ ಚಿತ್ರಕಲಾ ಪರಿಷತ್ತಿನ ಕಲಾ ಮಹಾವಿದ್ಯಾಲಯದಲ್ಲಿ 1988ರಲ್ಲಿ ಪದವಿಯನ್ನೂ, ಬಡೋದೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಮಾನಸೋಲ್ಲಾಸವು ಮುದ್ರಿತವಾದ ಊರೂ ಬಡೋದೆಯೇ. ಅಲ್ಲಿಯ ಕಲಾವಿಭಾಗದಲ್ಲಿ ಚಿತ್ರಕಾರರು ಬರೆಯುವ ಸಂಪ್ರದಾಯವು ಬಲವಾಗಿ ಬೇರೂರಿತ್ತು. ಆ ವಿಭಾಗದಲ್ಲಿ ಬಹುಕಾಲ ಪಾಠ ಹೇಳಿದ ಕೆ. ಜಿ. ಸುಬ್ರಮಣ್ಯನ್ (1924–2016) ಅವರು ಕಲೆಯ ಮೇಲೆ ಬರೆದ ಇಂಗ್ಲಿಷ್ ಪ್ರಬಂಧಗಳಿಂದ ದೇಶಕ್ಕೆಲ್ಲ ಪರಿಚಿತರು. ಗುಲಾಮ್ ಮೊಹಮ್ಮದ್ ಶೇಖರು ಚಿತ್ರಕಾರರೂ ಗುರುಗಳೂ ಆಗಿದ್ದು ಗುಜರಾತಿ ಭಾಷೆಯ ಕವಿಗಳೂ ಹೌದು. ಚಿತ್ರಕಾರನು ತನ್ನ ತಾಯ್ನುಡಿಯಲ್ಲಿ ಬರೆಯಬಹುದೆಂಬುದಕ್ಕೆ ಆ ಊರು ಹೀಗೆ ದೃಷ್ಟಾಂತವನ್ನು ಕೊಟ್ಟಿತ್ತು. ಕಾಶಿಯವರು ಅಲ್ಲಿಂದ ಮರಳಿ ಬಂದ ಮೇಲೆ ಸಾಹಿತ್ಯದ ಅಭ್ಯಾಸವನ್ನೂ ಕೈಕೊಂಡು, 1995ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಎಂ. ಎ. ಪದವಿಯನ್ನು ಪಡೆದರು.

ಇವರ ಕೆಲಸದಲ್ಲಿ ಮೊದಲು ಗಮನಿಸತಕ್ಕದ್ದು ಕಾಗದ. ಬಹುಮಂದಿ ಚಿತ್ರಕಾರರಿಗೆ ಕಾಗದವು ಅಂಗಡಿಯಲ್ಲಿ ದೊರೆಯುವ ಸಿದ್ಧವಸ್ತು. ಕಾಶಿಯವರು ಅದನ್ನು ಕೈಯಿಂದ ಮಾಡುವ ವಿದ್ಯೆಯನ್ನು 2001ರಲ್ಲಿ ಸ್ಕಾಟ್ಲಂಡಿನ ಗ್ಲಾಸ್ಗೋದ ಕಲಾಶಾಲೆಯಲ್ಲಿಯೂ, 2009ರಲ್ಲಿ ಕೊರಿಯಾ ದೇಶದಲ್ಲಿಯೂ ಅಭ್ಯಾಸ ಮಾಡಿದರು. ಕೊರಿಯದವರು ಒಂದು ಜಾತಿಯ ಹಿಪ್ಪುನೇರಳೆಯ ತೊಗಟೆಯನ್ನು ಬೇಯಿಸಿ, ಬಡಿದು, ನಾರನ್ನು ನೀರಿನಲ್ಲಿ ತೇಲಿಸಿ ಎತ್ತಿ ‘ಹಾಂಜಿ’ ಎಂಬ ಗಟ್ಟಿಯಾದ ಕಾಗದವನ್ನು ಮಾಡುತ್ತಾರೆ. ಕಾಶಿಯವರ ಕೃತಿಗಳಲ್ಲಿ ಕಾಗದವು ಬರಿಯ ಹಾಸಲ್ಲ. ನಾರಿನ ತಿರುಳೇ ಅಚ್ಚಿನಲ್ಲಿ ರೂಪವಾಗುತ್ತದೆ, ಪುಸ್ತಕವೇ ಕಲಾಕೃತಿಯಾಗುತ್ತದೆ. ಗೋಡೆಯ ಹದದಿಂದ ಪಾಠವನ್ನು ಆರಂಭಿಸಿದ ಮಾನಸೋಲ್ಲಾಸವನ್ನು ನೆನೆದವರಿಗೆ ಇದು ಹೊಸತೆನಿಸದು. ಚಿತ್ರವು ನಿಲ್ಲುವ ಮೈಯನ್ನು ಅರಿಯದವನಿಗೆ ಚಿತ್ರವು ಪೂರ್ಣವಾಗಿ ತಿಳಿಯದೆಂಬ ಹಳೆಯ ತತ್ತ್ವವು ಇಲ್ಲಿ ಹೊಸ ದೇಶಗಳನ್ನು ಸುತ್ತಿ ಬಂದಿದೆ.

ಎರಡನೆಯದು ಬರವಣಿಗೆ. ದೃಶ್ಯಕಲೆಯನ್ನು ಕುರಿತ ‘ಕಣ್ಣೆಲೆ’, ‘ಅನುಕ್ತ’ ಎಂಬ ಕನ್ನಡ ಪುಸ್ತಕಗಳು ಇವರವು. ‘ಅನುಕ್ತ’ವೆಂದರೆ ಹೇಳದೆ ಉಳಿದದ್ದು, ಚಿತ್ರವಿಮರ್ಶೆಯ ಪುಸ್ತಕಕ್ಕೆ ಇದಕ್ಕಿಂತ ತಕ್ಕ ಹೆಸರಿಲ್ಲ. ಬೀದಿಯಲ್ಲಿ ಕಣ್ಣಿಗೆ ಬೀಳುವ ಸಾಮಾನ್ಯ ಚಿತ್ರಗಳನ್ನು ಸಹ ಇವರು ವಿಚಾರಕ್ಕೆ ತೆಗೆದುಕೊಳ್ಳುತ್ತಾರೆ. ಊರಿನ ಕೂಟಗಳಲ್ಲಿ ಮುಖಂಡರ ಮುಖಗಳನ್ನು ಹೊತ್ತು ನಿಲ್ಲುವ ಫ್ಲೆಕ್ಸ್ ಫಲಕಗಳನ್ನು ಕುರಿತು 2019ರಲ್ಲಿ ಇವರದೊಂದು ಇಂಗ್ಲಿಷ್ ಪುಸ್ತಕವು ಪ್ರಕಟವಾಯಿತು. ಅದರ ಸಾಮಗ್ರಿಯು ಬೆಂಗಳೂರಿನದು; ಆದರೆ ನವಲಗುಂದದ ಅಗಸಿಯಲ್ಲಿಯೂ ಅಣ್ಣಿಗೇರಿಯ ಬಸ್ಸಿನ ನಿಲ್ದಾಣದಲ್ಲಿಯೂ ಅಂಥ ಫಲಕಗಳನ್ನು ನೋಡದವರಾರು? ಅಂಗಡಿಯ ಹೆಸರನ್ನೂ ಜಾತ್ರೆಯ ಫಲಕವನ್ನೂ ಕೈಯಿಂದ ಬರೆಯುತ್ತಿದ್ದ ಪೇಂಟರರ ಅನ್ನವನ್ನು ಈ ಮುದ್ರಿತ ಹಾಳೆಯು ಕಸಿದುಕೊಂಡಿತು. ರಂಗವಲ್ಲಿಯನ್ನು ಶಾಸ್ತ್ರದೊಳಗೆ ಕರೆದ ಹಳೆಯ ಗ್ರಂಥಕಾರನಂತೆ, ವಿಮರ್ಶಕನು ಬೀದಿಯ ಚಿತ್ರವನ್ನೂ ವಿಚಾರಿಸತಕ್ಕದ್ದೆಂಬುದು ಇದರಿಂದ ತಿಳಿಯುವದು.

ಇಲ್ಲಿ ಒಂದು ಆಕ್ಷೇಪವು ಬರುವದು ಸಹಜ. ತಾನೇ ಚಿತ್ರ ಬರೆಯುವವನು ಇತರರ ಚಿತ್ರಗಳನ್ನು ನಿಷ್ಪಕ್ಷಪಾತವಾಗಿ ತೂಗಬಲ್ಲನೆ? ತನ್ನ ಮಾರ್ಗವನ್ನು ಹೊಗಳಿ ಅನ್ಯಮಾರ್ಗವನ್ನು ತೆಗಳಲಾರನೆ? ಶಿಷ್ಯರನ್ನು ಮೇಲೆತ್ತಿ ಉಳಿದವರನ್ನು ಬದಿಗಿರಿಸಲಾರನೆ? ಈ ಭಯವು ನಿರಾಧಾರವಾದುದಲ್ಲ. ಬಂಗಾರವನ್ನು ಪರೀಕ್ಷಿಸುವದು ಒರೆಗಲ್ಲೇ ಹೊರತು ಇನ್ನೊಂದು ಬಂಗಾರವಲ್ಲವೆಂಬ ನ್ಯಾಯವನ್ನು ಪಂಡಿತರು ಹೇಳುವದುಂಟು. ಆದರೂ ಈ ನ್ಯಾಯವು ಅರ್ಧ ಸತ್ಯ. ಒರೆಗಲ್ಲು ಬೆಲೆಯನ್ನು ಹೇಳೀತು. ಆಭರಣವು ಹೇಗೆ ಆಯಿತೆಂಬುದನ್ನು ಹೇಳಲಾರದು. ಲೇಪದಲ್ಲಿ ಅಂಟು ಹೆಚ್ಚಾಗಿ ಬಣ್ಣವು ಬಿರಿಯಿತೆ, ಇಲ್ಲವೆ ಬಿರಿತವೇ ಕರ್ತೃವಿನ ಉದ್ದೇಶವೆ ಎಂಬುದನ್ನು ಅರಿಯಲು ಒಮ್ಮೆಯಾದರೂ ಅಂಟು ಕಾಸಿದ ಕೈ ಬೇಕು. ಪಕ್ಷಪಾತಕ್ಕೆ ಮದ್ದು ಚಿತ್ರಕಾರನ ಬಾಯಿ ಕಟ್ಟುವದಲ್ಲ. ಇನ್ನೂ ಹತ್ತು ಮಂದಿ ಚಿತ್ರಕಾರರು ಬರೆಯುವದು. ಆಗ ಒಬ್ಬನ ಓರೆಯನ್ನು ಇನ್ನೊಬ್ಬನು ತಿದ್ದುವನು. ಪಾಠ ಹೇಳುವ ಅಭ್ಯಾಸವೂ ಇದಕ್ಕೆ ಸಹಾಯಕ. ತರಗತಿಯಲ್ಲಿ ಮೂವತ್ತು ಹುಡುಗರು ಮೂವತ್ತು ಬಗೆಯಾಗಿ ಬರೆದದ್ದನ್ನು ದಿನವೂ ತಿದ್ದುವ ಗುರುವಿಗೆ ತನ್ನದಲ್ಲದ ಮಾರ್ಗದಲ್ಲಿಯೂ ಒಳ್ಳೆಯದನ್ನು ಕಾಣುವ ಕಣ್ಣು ಕ್ರಮೇಣ ಬರುವದು.

ಹೀಗೆ ನೋಡಿದರೆ, ಮುಮ್ಮಡಿ ಸೋಮೇಶ್ವರನಿಂದ ಇಂದಿನ ಕಲಾವಿದನ ವರೆಗಿನ ಒಂಬತ್ತು ನೂರು ವರ್ಷಗಳಲ್ಲಿ ಆದ ಮುಖ್ಯವಾದ ಬದಲಾವಣೆಯು ಕ್ರಿಯಾಪದದ ಬದಲಾವಣೆ. ಅಂದು ಅರಸನು ಬರೆಯಿಸಿದನು. ಇಂದು ಚಿತ್ರಕಾರನು ಬರೆಯುತ್ತಾನೆ, ಎರಡೂ ಅರ್ಥಗಳಲ್ಲಿ. ಅಂದು ವಿದ್ಯೆಯು ಅರಸನ ಹೆಸರಿನಲ್ಲಿ ಸಂಸ್ಕೃತಕ್ಕೆ ಏರಿತು. ಇಂದು ಅದು ಕರ್ತೃವಿನ ಸ್ವಂತ ಹೆಸರಿನಲ್ಲಿ ಕನ್ನಡಕ್ಕೆ ಇಳಿದಿದೆ.

ಆದರೆ ಈ ಭಾಗ್ಯವು ಎಲ್ಲರ ಪಾಲಿಗೂ ಬಂದಿಲ್ಲ. ಪಟ್ಟಣದ ಕಲಾವಿದ್ಯಾಲಯದಲ್ಲಿ ಓದಿದವನಿಗೆ ಲೇಖನಿಯೂ ಪ್ರಕಾಶಕರೂ ದೊರೆತರು. ಕಲಘಟಗಿಯ ತೊಟ್ಟಿಲ ಚಿತ್ರಗಾರನು ಮಂಗಲೇಶನ ಗುಹೆಯ ಚಿತ್ರಕಾರನಂತೆ ಇನ್ನೂ ಬರಹದ ಹೊರಗೆ ನಿಂತಿದ್ದಾನೆ. ಈ ಕಸುಬಿನಲ್ಲಿ ಉಳಿದ ಮನೆಗಳು ಕೆಲವೇ; ಅಂಗಡಿಯ ಕಬ್ಬಿಣದ ತೊಟ್ಟಿಲು ಅಗ್ಗವಾಗಿ ಸಿಗುವಾಗ ಮಕ್ಕಳು ಹಿರಿಯರ ದಾರಿಯನ್ನು ಹಿಡಿಯಲು ಹಿಂಜರಿದರೆ ತಪ್ಪೆನ್ನಲಾಗದು. ಅರಗನ್ನು ಕಾಸುವಾಗ ಆ ಮನೆಗಳ ಹಿರಿಯರು ಹದಕ್ಕೆ ಬಳಸುವ ಮಾತು, ರೇಖೆಯು ಸೊಟ್ಟಾದಾಗ ಮಗನನ್ನು ತಿದ್ದುವ ಮಾತು, ನೆರೆಯವನ ಕೆಲಸವನ್ನು ಮೆಚ್ಚುವ ಇಲ್ಲವೆ ಹಳಿಯುವ ಮಾತು, ಇವೆಲ್ಲ ಅಚ್ಚ ಕನ್ನಡದ ಕಲಾವಿಮರ್ಶೆಯೇ. ಅದನ್ನು ಯಾವ ಅರಸನೂ ಬರೆಯಿಸಲಿಲ್ಲ.

ಅರಸರ ಕಾಲವು ಮುಗಿಯಿತು. ಬರೆಯಿಸುವ ಹೊಣೆಯು ಈಗ ಓದುಬರಹ ಬಲ್ಲ ಮನೆಗಳ ಮೇಲಿದೆ. ಈ ತಾಲೂಕುಗಳ ಪ್ರೌಢಶಾಲೆಗಳಲ್ಲಿರುವ ಚಿತ್ರಕಲಾ ಶಿಕ್ಷಕರು ಕುಂಚ ಬಲ್ಲವರು, ಪಾಠ ಬಲ್ಲವರು, ಬರೆಯಲೂ ಬಲ್ಲವರು. ಅವರಲ್ಲಿ ಒಬ್ಬಿಬ್ಬರಾದರೂ ಬಿಡುವಿನ ದಿನಗಳಲ್ಲಿ ಕಲಘಟಗಿಗೆ ಹೋಗಿ, ಚಿತ್ರಗಾರರ ಒಪ್ಪಿಗೆಯಿಂದ ಅವರ ಪಾಕಗಳನ್ನೂ ಮಾತುಗಳನ್ನೂ ಬರೆದುಕೊಂಡು ಬರುವದು ಆಗಬೇಕು. ಮನೆಯ ಅಟ್ಟದ ಮೇಲೆ ಹಳೆಯ ತೊಟ್ಟಿಲುಳ್ಳವರು ಅದನ್ನು ಕೆಳಗಿಳಿಸಿ, ಯಾವ ವರ್ಷ ತಂದದ್ದು, ಯಾರ ಕೈಯ ಕೆಲಸವೆಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಗುರುತು ಹಾಕಿಕೊಳ್ಳಬೇಕು. ಅಂಥ ಬರಹವು ಪ್ರಕಟವಾಗುವಾಗ ಅದರ ಮೇಲೆ ಬರೆದುಕೊಂಡವನ ಹೆಸರಿಗಿಂತ ಮೊದಲು ಹೇಳಿಕೊಟ್ಟ ಚಿತ್ರಗಾರನ ಹೆಸರು ಇರತಕ್ಕದ್ದು.